ಆಸ್ಪತ್ರೆ ಕಂಪ್ಯೂಟರ್ ಲಾಕ್ ಆದರೆ ರೋಗಿಗೆ ಏನು ತೊಂದರೆ?

ತೀರ್ಥಹಳ್ಳಿ ನರ್ಸ್:
ನಮ್ಮದು ಚಿಕ್ಕ ನರ್ಸಿಂಗ್ ಹೋಮ್. ಲ್ಯಾಬ್ ರಿಪೋರ್ಟ್, ಔಷಧದ ಅಲರ್ಜಿ ಎಲ್ಲವೂ ಈಗ ಒಂದೇ ಕಂಪ್ಯೂಟರಿನಲ್ಲಿದೆ. ಪಾಸ್‌ವರ್ಡನ್ನು ಮಾನಿಟರ್ ಮೇಲೇ ಅಂಟಿಸಿದ್ದಾರೆ. ನಮ್ಮ ಡಾಕ್ಟರನ್ನು ಕೇಳಿದರೆ, "ನಮ್ಮಂಥ ಊರಿಗೆ ಯಾವ ಹ್ಯಾಕರ್ ಬರ್ತಾನೆ?" ಅನ್ನುತ್ತಾರೆ. ಈ ಮಳೆಯಲ್ಲಿ ರೋಗಿಯನ್ನು ಶಿವಮೊಗ್ಗಕ್ಕೆ ಕಳಿಸುವುದೂ ಸುಲಭವಲ್ಲ. ಏನು ಹೇಳಿ ಒಪ್ಪಿಸಲಿ?

ಶಿವಮೊಗ್ಗ, ಐಟಿ ಕೆಲಸ:
ಊರು ನೋಡಿಕೊಂಡು ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್ ತಾನಾಗಿಯೇ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ಅಪಾಯಿಂಟ್‌ಮೆಂಟ್ ರದ್ದಾದವು. ಕೆಲವು ಕಡೆ ಆಂಬುಲೆನ್ಸ್‌ಗಳನ್ನೇ ಬೇರೆಡೆಗೆ ತಿರುಗಿಸಿದರು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು! ಎಷ್ಟೋ ಕಡೆ ಹಾಕಿಕೊಂಡಿರಲಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್‌ನಲ್ಲೂ ಸರ್ವರ್ ಕೈಕೊಟ್ಟು, ಎಷ್ಟೋ ದಿನ ಕೈಬರಹದಲ್ಲೇ ಕೆಲಸ ನಡೆಯಿತು. ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ, ಅದೂ ಲಾಕ್ ಆಗುತ್ತದೆ.

ಸಾಗರದ ಡಾಕ್ಟರ್:
ಸಿಸ್ಟರ್, ಅಲರ್ಜಿ, ಕೊಟ್ಟ ಔಷಧ, ಡೋಸ್ ಇಷ್ಟನ್ನು ಹಾಸಿಗೆ ಪಕ್ಕದ ಕೇಸ್ ಶೀಟಿನಲ್ಲೂ ಬರೆಯಿರಿ. ಕರೆಂಟ್ ಹೋದಾಗಲೂ ಬೇಕಾಗುತ್ತದೆ ಅಲ್ವಾ? ಪೆನ್ಸಿಲಿನ್ ಆಗದವರಿಗೆ ಅದನ್ನೇ ಕೊಟ್ಟರೆ ಜೀವಕ್ಕೇ ಕುತ್ತು. ನಿಮ್ಮ ಡಾಕ್ಟರಿಗೆ ಹ್ಯಾಕರ್ ಕಥೆಗಿಂತ ಇದು ಬೇಗ ಅರ್ಥವಾಗುತ್ತದೆ.

ತೀರ್ಥಹಳ್ಳಿ ನರ್ಸ್:
ಥ್ಯಾಂಕ್ಸ್ ಸಾರ್. ಕೇಸ್ ಶೀಟ್ ನಾಳೆಯಿಂದಲೇ ಶುರು ಮಾಡುತ್ತೇವೆ. ಅಪ್‌ಡೇಟ್ ಹಾಕಲು ಕಂಪ್ಯೂಟರಿನವರನ್ನೂ ಕರೆಸುತ್ತೇನೆ.