ಓದುಗರ ಸ್ಪಂದನ: ರಾಜಿ ಪತ್ರಕ್ಕೆ ಸಹಿ ಹಾಕಲೇ?

ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಯ ಮಗ ತಮ್ಮ ಕಪಾಳಕ್ಕೆ ಹೊಡೆದ ಸಂಗತಿಯನ್ನು ಸ್ಟಾಫ್ ನರ್ಸ್ ಒಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಆಡಳಿತದವರು ರಾಜಿ ಪತ್ರ ಮುಂದಿಟ್ಟಿದ್ದಾರೆ, ಮನೆಯವರು ಕೆಲಸ ಬಿಡು ಎನ್ನುತ್ತಿದ್ದಾರೆ. ಸಹಿಗೆ ಮುನ್ನ ಅವರು ಮೊದಲ ಪತ್ರವನ್ನು ಪೂರ್ತಿ ಓದಲಿ ಎಂದು ನಮ್ಮ ಕೋರಿಕೆ.

*

ತಂಗೀ, ನಿಮ್ಮ ಪತ್ರ ಹಳೆಯ ಗಾಯ ಕೆದಕಿತು. ಅದರ ಕಥೆ ಬೇಡ. ಆಗ ನನಗೆ ಯಾರೂ ಹೇಳದಿದ್ದನ್ನು ನಿಮಗೆ ಹೇಳುತ್ತೇನೆ.

ಕೆನ್ನೆಯ ಬಾವು ಈಗ ಇಳಿದಿರುತ್ತದೆ. ಕಿವಿ ತೋರಿಸಿದಿರಾ? ಅಂಗೈ ಕಿವಿಯ ಮೇಲೆ ಅಗಲವಾಗಿ ಬಿದ್ದರೆ ಒಳಗಿನ ಗಾಳಿ ಒತ್ತಿ ಕಿವಿಯ ತಮಟೆ ಹರಿಯಬಹುದು. ಕಿವಿ ಗುಂಯ್ ಎನ್ನುತ್ತಿದ್ದರೆ ಇಂದೇ ಇಎನ್‌ಟಿ ವೈದ್ಯರಲ್ಲಿ ಹೋಗಿ, ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿ, ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ, ಬರೆಸಿ. ಸಣ್ಣ ತೂತು ಕೆಲವೇ ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಜೊತೆಗೆ ನಿಮ್ಮ ಸಾಕ್ಷ್ಯವೂ. ಅಲ್ಲಿಯವರೆಗೆ ಕಿವಿಗೆ ನೀರು ಹೋಗದಿರಲಿ.

ಎರಡನೆಯದು ಸಿಸಿಟಿವಿ. ಡಿಸ್ಕ್ ತುಂಬಿದಂತೆ ಡಿವಿಆರ್ (ದೃಶ್ಯ ದಾಖಲಿಸುವ ಯಂತ್ರ) ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಎಷ್ಟೋ ಕಡೆ ಹದಿನೈದು ದಿನವೂ ಉಳಿಯುವುದಿಲ್ಲ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಂದು ಬರೆದು, ಅದನ್ನು ಕಾಯ್ದಿಡಿ ಎಂದು ಮನವಿ ಕೊಡಿ. ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ. ಮೊಬೈಲಿನಲ್ಲಿ ಪರದೆಯನ್ನು ಚಿತ್ರೀಕರಿಸಿದ್ದು ಸಾಲದು; ನ್ಯಾಯಾಲಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ, ಅಂದರೆ ಆ ದೃಶ್ಯ ಯಾವ ಯಂತ್ರದಿಂದ ಹೇಗೆ ಬಂತೆಂಬ ಪತ್ರ, ಬೇಕು.

ಮೂರನೆಯದು ದೂರು. ಬರೀ ‘ಹೊಡೆದ’ ಎಂದು ಬರೆದರೆ ಠಾಣೆಯಲ್ಲಿ ಅದು ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ, ಅಂದರೆ ಬೇಕೆಂದೇ ನೋವುಂಟುಮಾಡಿದ್ದು, ಆಗುತ್ತದೆ. ಅದು ಅಸಂಜ್ಞೇಯ, ಅಂದರೆ ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ; ಜಾಮೀನೂ ಸಿಗುವಂಥದ್ದು. ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ದೂರಿನ ಚೀಟಿ) ಕೊಟ್ಟು ಕಳಿಸುತ್ತಾರೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆಯನ್ನು ಹೆಸರಿಸಿ ಬರೆಯಿರಿ. ಅದರಡಿ ಅಪರಾಧ ಸಂಜ್ಞೇಯ, ಜಾಮೀನುರಹಿತ. ಖಾಸಗಿ ಆಸ್ಪತ್ರೆಗೂ ಅನ್ವಯ, ನರ್ಸಿಂಗ್ ವಿದ್ಯಾರ್ಥಿಗಳಿಗೂ. ಬೈಗುಳವನ್ನು ‘ಅವಾಚ್ಯವಾಗಿ ನಿಂದಿಸಿದ’ ಎಂದು ಮುಚ್ಚಬೇಡಿ, ಆಡಿದ ಮಾತನ್ನೇ ಹಾಗೇ ಬರೆಯಿರಿ. ಆ ರಾತ್ರಿ ವಾರ್ಡಿನಲ್ಲಿ ಎಷ್ಟು ರೋಗಿಗಳು, ಎಷ್ಟು ಜನ ನರ್ಸುಗಳು, ಡಾಕ್ಟರನ್ನು ಕರೆದದ್ದು ಎಷ್ಟು ಹೊತ್ತಿಗೆ, ಬಂದದ್ದು ಎಷ್ಟು ಹೊತ್ತಿಗೆ, ಎಲ್ಲವೂ ಇರಲಿ. ಆಡಳಿತಕ್ಕೆ ರಾಜಿ ಅಷ್ಟು ಬೇಗ ಯಾಕೆ ಬೇಕೆಂಬುದು ಆ ಸಾಲಿನಲ್ಲೇ ಗೊತ್ತಾಗುತ್ತದೆ.

– ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಮೈಸೂರು

*

ಪತ್ರಿಕೆಗೆ ಬರೆಯುವ ಮೊದಲು ಠಾಣೆಗೆ ಬರೆಯಬೇಕಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರದ ಆಸ್ಪತ್ರೆಗಳಿಗೆ ಬಂದ ಸೂಚನೆಯಂತೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕು. ನಿಮ್ಮದು ಖಾಸಗಿ ಆಸ್ಪತ್ರೆ, ಆದರೂ ನಿಮ್ಮ ಮುಖ್ಯಸ್ಥರು ಎಲ್ಲಿದ್ದರು?

– ವಕೀಲರು, ದಾವಣಗೆರೆ

*

ಮುಂದಿನ ಪತ್ರ ಬೇರೆಯದೇ ಪ್ರಶ್ನೆಗೆ ಉತ್ತರಿಸುತ್ತದೆ: ರೋಗಿಯೇ ಕೈ ಎತ್ತಿದರೆ? ಆದರೂ ವಾರ್ಡಿನಲ್ಲಿರುವವರಿಗೆ ಬೇಕಾದದ್ದು.

*

ಬಂಧುಗಳಷ್ಟೇ ಅಲ್ಲ, ರೋಗಿಯೂ ಕೈ ಎತ್ತುವುದುಂಟು. ಕುಡಿತ ನಿಂತ ಎರಡು ಮೂರು ದಿನಕ್ಕೆ ಸನ್ನಿ ಏರುತ್ತದೆ. ವಯಸ್ಸಾದವರಲ್ಲಿ ಮೂತ್ರ ಕಟ್ಟಿದರೂ ಸಾಕು. ಬೈಯುವ ಮೊದಲು ಗ್ಲೂಕೋಮೀಟರ್, ಆಕ್ಸಿಮೀಟರ್ ಹಚ್ಚಿ, ಕಿಬ್ಬೊಟ್ಟೆ ಮುಟ್ಟಿ ನೋಡಿ. ಕುಡಿತದವರಿಗೆ ಗ್ಲೂಕೋಸಿಗೆ ಮೊದಲು ಥಯಾಮಿನ್ (ಬಿ1 ವಿಟಮಿನ್) ಕೊಡುವಂತೆ ಡಾಕ್ಟರಿಗೆ ನೆನಪಿಸಿ. ಒಂದೂವರೆ ತೋಳಿನ ದೂರದಲ್ಲಿ, ಓರೆಯಾಗಿ, ಬಾಗಿಲ ಕಡೆ ನಿಲ್ಲಿ. ಸ್ಟೆತಾಸ್ಕೋಪ್ ಕೊರಳಲ್ಲಿ ಬೇಡ, ಕತ್ತರಿ ಮೇಲು ಜೇಬಿನಲ್ಲಿ ಬೇಡ. ಇವರ ಮೇಲೆ ದೂರಲ್ಲ, ಇವರಿಗೆ ಚಿಕಿತ್ಸೆ.

– ಮನೋವೈದ್ಯಕೀಯ ನರ್ಸ್, ಧಾರವಾಡ

*

ನಮ್ಮ ಹೊನ್ನಾವರ ಸೀಮೆಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯದೇ ಗುಡಿಸುವ ಕೆಲಸದವನು ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಜಡಸ್ಥಿತಿಯಲ್ಲಿ ಮಲಗಿದ್ದ ಅವರನ್ನು 2015ರ ಮೇ 18ರಂದು ತೀರಿಕೊಳ್ಳುವವರೆಗೂ ನೋಡಿಕೊಂಡವರು ಆ ಆಸ್ಪತ್ರೆಯ ನರ್ಸುಗಳು. ಅವನಿಗೆ ಶಿಕ್ಷೆಯಾದದ್ದು ಸುಲಿಗೆಗೆ, ಕೊಲೆಯತ್ನಕ್ಕೆ, ಲೈಂಗಿಕ ದೌರ್ಜನ್ಯಕ್ಕಲ್ಲ. ಅದು ದೂರಿನಲ್ಲೇ ಇರಲಿಲ್ಲ. ದೂರಿನಲ್ಲಿ ಬರೆಯದೆ ಬಿಟ್ಟ ಅಪರಾಧಕ್ಕೆ ಅಪರಾಧಿಗೆ ಶಿಕ್ಷೆಯಾಗುವುದಿಲ್ಲ, ಮಗಳೇ.

– ಓದುಗರು, ಕುಮಟಾ

*

ಮನೆಯವರ ಆತಂಕವನ್ನೂ ನಾವು ಬಲ್ಲೆವು. ಅವರಿಗಾಗಿ ಈ ಕೊನೆಯ ಪತ್ರ.

*

ಅವರನ್ನು ಮತ್ತೆ ಮತ್ತೆ ‘ಏನಾಯಿತು ಹೇಳು’ ಎಂದು ಕೇಳಬೇಡಿ. ನಿದ್ರೆ ಕೆಡುವುದು, ಬಾಗಿಲ ಸದ್ದಿಗೆ ಬೆಚ್ಚುವುದು ಒಂದು ತಿಂಗಳು ದಾಟಿದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಕರೆ ಮಾಡಬಹುದು, ದುಡ್ಡಿಲ್ಲ. ಬೆಚ್ಚಿದ ಮನಸ್ಸು ಲೆಕ್ಕ ತಪ್ಪುತ್ತದೆ. ಆದ್ದರಿಂದ ಕೆಲಸಕ್ಕೆ ಮರಳಿದ ಮೊದಲ ವಾರಗಳಲ್ಲಿ, ಅಳತೆ ತಪ್ಪಿದರೆ ರೋಗಿಯ ಜೀವಕ್ಕೇ ಕುತ್ತಾಗುವ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡನ್ನು ಇನ್ನೊಬ್ಬರು ನೋಡದೆ ಕೊಡುವುದು ಬೇಡ. ರಾತ್ರಿ ಪಾಳಿಯಲ್ಲಿ ಜೊತೆಗೊಬ್ಬರನ್ನು ಹಾಕುವಂತೆ ಬರವಣಿಗೆಯಲ್ಲೇ ಕೇಳಲಿ.

– ಐಸಿಯು ಇನ್‌ಚಾರ್ಜ್ ಸಿಸ್ಟರ್, ಮಂಗಳೂರು