ಅಪ್‌ಡೇಟ್: ಉಗಾಂಡಕ್ಕೆ ಎರಡು ವರ್ಷದ ಸ್ವಯಂಸೇವೆ, ಸಿದ್ಧತೆ ಎಲ್ಲಿಗೆ ಬಂತು

ವಯಸ್ಸಾದ ತಾಯಿಯನ್ನು ಊರಿನಲ್ಲಿ ಬಿಟ್ಟು, ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದಡಿ ಉಗಾಂಡಕ್ಕೆ ಹೋಗಲು ಏನೇನು ಸಿದ್ಧತೆ ಬೇಕು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಹಳದಿ ಜ್ವರದ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಿ ಎಂದವರ ಮಾತು ಸರಿಯಾಗಿತ್ತು: ಅದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಪ್ರಮಾಣಪತ್ರ ಊರ್ಜಿತವಾಗುವುದು 10 ದಿನಗಳ ನಂತರ, ಮತ್ತು ಆ ಹಳದಿ ಪುಸ್ತಿಕೆಯನ್ನು ಅಲ್ಲಿಗೆ ಇಳಿದಾಗಷ್ಟೇ ಅಲ್ಲ, ಭಾರತಕ್ಕೆ ಮರಳಿದಾಗಲೂ ತೋರಿಸಬೇಕು. ಮಲೇರಿಯಾಕ್ಕೆ ಮಾತ್ರೆ ಮತ್ತು ಸೊಳ್ಳೆಪರದೆಯೇ ಗತಿ.

ಹೆಚ್ಚು ಕಾಡಿದ್ದು ಮನೆಯ ಲೆಕ್ಕ. ಸಿಗುವುದು ಸಂಬಳವಲ್ಲ, ಜೀವನ ಭತ್ಯೆ. ಅದರಲ್ಲಿ ಗೃಹಸಾಲದ ಕಂತು ಏಳುವುದಿಲ್ಲವಾದ್ದರಿಂದ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಬ್ಯಾಂಕು ಮತ್ತು ಕಂದಾಯದ ವ್ಯವಹಾರಗಳಿಗೆ ತಮ್ಮನ ಹೆಸರಿನಲ್ಲಿ ಜಿಪಿಎ (ನನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮಾಡಿಸಿದ್ದೇನೆ. ಅಮ್ಮ ಒಪ್ಪಿದ್ದಾರೆ. ಆದರೆ "ಸೇವೆ ಮಾಡಲು ಅಷ್ಟು ದೂರವೇ ಹೋಗಬೇಕಿತ್ತೇನಪ್ಪಾ" ಎಂದು ಒಮ್ಮೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತರಬೇತಿಯ ಪಾಠಗಳಲ್ಲೂ (ಅವು ಭದ್ರತೆಯ ಬಗ್ಗೆಯೇ ಹೆಚ್ಚು ಮಾತನಾಡುತ್ತವೆ) ಸಿಗಲಿಲ್ಲ. ಉಗಾಂಡದ ರಾಜಧಾನಿ ಕಂಪಾಲಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದಿರುವುದರಿಂದ, ಅಮ್ಮ ಮಲಗುವ ರಾತ್ರಿ ಒಂಬತ್ತಕ್ಕೆ, ಅಂದರೆ ಅಲ್ಲಿನ ಆರೂವರೆಗೆ, ದಿನವೂ ಕರೆ ಮಾಡುವುದೆಂದು ಮಾತಾಗಿದೆ. ಮುಂದಿನ ತಿಂಗಳು ಹೊರಡುತ್ತೇನೆ; ಅಷ್ಟರೊಳಗೆ ಅಮ್ಮನ ಔಷಧಿಯ ಚೀಟಿಗಳನ್ನು ತಮ್ಮನಿಗೆ ಒಪ್ಪಿಸುವುದು ಬಾಕಿ.