ಪದಚರ್ಚೆ: ‘ಜರ್ಮ್ ಸೆಲ್’, ‘ಡಿಪ್ಲೀಶನ್’ ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ. ಆಂಟಿಆಕ್ಸಿಡೆಂಟ್ (ಉತ್ಕರ್ಷಣದ ಹಾನಿ ತಡೆಯುವ ವಸ್ತು) ತೀರಿದಾಗಲೂ ಗಂಡಿನ ಜರ್ಮ್ ಸೆಲ್‌ಗಳು (ವೀರ್ಯಾಣುವಾಗುವ ಜೀವಕೋಶಗಳು) ಹೇಗೆ ಉಳಿಯುತ್ತವೆ ಎಂಬುದನ್ನು ವಿಜಯಪುರ ಜಿಲ್ಲೆಯ ಹೋರಿ ಸಾಕುವವರಿಗೆ ಬರೆದು ತಿಳಿಸಬೇಕಿದೆ. ಜರ್ಮ್ ಸೆಲ್‌ಗೆ ‘ಬೀಜಕೋಶ’, ಆಕ್ಸಿಡೇಟಿವ್ ಸ್ಟ್ರೆಸ್‌ಗೆ ‘ಉತ್ಕರ್ಷಣ ಒತ್ತಡ’, ಡಿಪ್ಲೀಶನ್‌ಗೆ ‘ಸವಕಳಿ’ ಎಂದು ಬಳಸಿದ್ದೇನೆ. ಬಲ್ಲವರು ತಿದ್ದಬೇಕು.

* * *

ನಮಸ್ಕಾರ ಸರ್. ಬೆಳಗಾವಿಯಿಂದ ಬರೆಯುತ್ತಿದ್ದೇನೆ.

‘ಬೀಜಕೋಶ’ ಬೇಡ. ನಮ್ಮ ಭಾಗದಲ್ಲಿ ಹೋರಿಯ ಬೀಜ ಅಂದರೆ ವೃಷಣವೇ. ಮೇಲಾಗಿ ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ ಕೇಳಿದ ಕಿವಿಗೆ ‘ಕೋಶ’ ಅಂದರೆ ಅಂಗ. ‘ಸಂತಾನ ಜೀವಕೋಶ’ ಎಂದು ಬಿಡಿಸಿ ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ.

‘ಉತ್ಕರ್ಷಣ’ ಶಾಲೆಯ ಪುಸ್ತಕದ ಪದ, ಇರಲಿ. ‘ಒತ್ತಡ’ ಮಾತ್ರ ಬಿಪಿ, ಟೆನ್ಶನ್ ಕಡೆ ಎಳೆಯುತ್ತದೆ. ‘ಉತ್ಕರ್ಷಣದ ಹೊರೆ’ ಅಂದರೆ ಹೊರುವ ಶಕ್ತಿಗಿಂತ ಭಾರ ಹೆಚ್ಚಾಯಿತು ಎಂಬುದೂ ಸೇರುತ್ತದೆ. ‘ವಿಷ’ ಎಂದಂತೂ ಬೇಡ. ವೀರ್ಯಾಣು ಅಂಡವನ್ನು ಫಲಿತಗೊಳಿಸುವ ಶಕ್ತಿ ಪಡೆಯಲು ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉತ್ಕರ್ಷಕಗಳು ಚೂರಾದರೂ ಬೇಕು.

ನನ್ನ ದೊಡ್ಡ ತಕರಾರು ‘ಸವಕಳಿ’ಯ ಮೇಲೆ. ನೇಗಿಲ ಕುಡದ ಮೊನೆ ಸವೆದರೆ ತಾನಾಗಿ ಬೆಳೆಯದು. ಜೀವಕೋಶದ ಮುಖ್ಯ ಆಂಟಿಆಕ್ಸಿಡೆಂಟ್ ಆದ ಗ್ಲುಟಥಯೋನ್ ಹಾಗಲ್ಲ. ಖರ್ಚಾದದ್ದನ್ನು ಜೀವಕೋಶ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಬಳಸಿ ಮತ್ತೆ ಮೊದಲಿನ ರೂಪಕ್ಕೆ ತರುತ್ತದೆ. ಹೊರೆ ಏರಿದಾಗ ಎನ್‌ಆರ್‌ಎಫ್2 ಎಂಬ ಪ್ರೋಟೀನು ತನ್ನನ್ನು ತಡೆಹಿಡಿದ ಕೀಪ್1 ಎಂಬ ಪ್ರೋಟೀನಿನ ಹಿಡಿತ ಬಿಡಿಸಿಕೊಂಡು ಕೋಶಕೇಂದ್ರಕ್ಕೆ ಹೋಗಿ, ಗ್ಲುಟಥಯೋನ್ ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಆದರೆ ಅದನ್ನು ಕಟ್ಟಲು ಬೇಕಾದ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸಿಗದಿದ್ದರೆ ಜೀನ್ ಎದ್ದೂ ಫಲವಿಲ್ಲ. ಇದು ಸೆಲೆ ಇರುವ ಬಾವಿಯ ಲೆಕ್ಕ. ‘ಬತ್ತು’, ‘ತಳ ಕಾಣು’ ಇಲ್ಲಿ ಸರಿಹೊಂದುತ್ತವೆ.

ವೀರ್ಯಾಣು ಮಾಗುವಾಗ ಇನ್ನೊಂದು ಸಂಗತಿ ಇದೆ, ಅದನ್ನು ದಯವಿಟ್ಟು ಬಿಡಬೇಡಿ. ಆಗ ಗ್ಲುಟಥಯೋನ್ ಇಳಿಯುವುದು ಕೇಡಲ್ಲ, ಮಾಗುವ ಕ್ರಮವೇ. ಜಿಪಿಎಕ್ಸ್4 ಸೆಲೆನಿಯಂ ಇರುವ ಕಿಣ್ವ. ಎಳೆಯ ಕೋಶದಲ್ಲಿ ಅದು ಕೊಬ್ಬು ಕೆಡದಂತೆ ಕಾಯುತ್ತದೆ. ಗ್ಲುಟಥಯೋನ್ ಇಳಿದ ಮೇಲೆ ಪ್ರೋಟೀನುಗಳ ಗಂಧಕದ ಕೊಂಡಿಗಳನ್ನೇ ಬೆಸೆದು, ತಾನೂ ಬೆಸೆದುಕೊಂಡು, ವೀರ್ಯಾಣುವಿನ ನಡುಭಾಗದ ಮೈಟೊಕಾಂಡ್ರಿಯಾಗಳಿಗೆ ಗಟ್ಟಿ ಕವಚವಾಗುತ್ತದೆ. ಸೆಲೆನಿಯಂ ಕೊರತೆಯಾದರೆ ನಡುಭಾಗ ಮುರಿಯುವುದು ಅದಕ್ಕೇ. ಇಲ್ಲಿ ‘ಇಳಿಕೆ’ ಎನ್ನಿ, ‘ನಷ್ಟ’ ಎನ್ನಬೇಡಿ.

‘ಉಳಿವು’ ಕೂಡ ಎರಡು ಬಗೆ. ಮಾಗಿದ ವೀರ್ಯಾಣು ಕೋಶರಸವನ್ನು ಉದುರಿಸಿರುತ್ತದೆ. ಹೊಸ ಕಿಣ್ವ ಮಾಡಿಕೊಳ್ಳಲಾರದು. ಬಿಗಿಯಾಗಿ ಸುತ್ತಿದ ಡಿಎನ್‌ಎ, ವೀರ್ಯದ್ರವದ ಕಿಣ್ವಗಳು ಎಷ್ಟು ಕಾಯುತ್ತವೋ ಅಷ್ಟೇ. ಅದಕ್ಕೆ ‘ತಾಳಿಕೆ’ ಸಾಕು. ವೃಷಣದೊಳಗಿನ ನಾಳದ ಗೋಡೆಗಂಟಿ ಕೂತ ಮೂಲಕೋಶ (ಸ್ಟೆಮ್ ಸೆಲ್) ಕಬ್ಬಿನ ಕೂಳೆ ಇದ್ದಂತೆ, ಮೇಲಿನದು ಹೋದರೂ ಚಿಗುರುತ್ತದೆ. ಹೋರಿಯಲ್ಲಿ ಮೂಲಕೋಶದಿಂದ ವೀರ್ಯಾಣುವಿನವರೆಗೆ ಸುಮಾರು 61 ದಿನ, ಎಪಿಡಿಡಿಮಿಸ್ (ವೃಷಣಕ್ಕಂಟಿದ, ವೀರ್ಯಾಣು ಮಾಗುವ ಸುರುಳಿ ನಾಳ) ದಾಟಲು ಇನ್ನೂ ಸುಮಾರು ಹತ್ತು ದಿನ ಬೇಕು. ಬೇಸಿಗೆಯ ಝಳಕ್ಕೆ ಕೆಟ್ಟ ವೀರ್ಯ ಮಳೆ ಬಿದ್ದ ವಾರಕ್ಕೇ ಸುಧಾರಿಸದಿರುವುದು ಇದರಿಂದ. ನಿಮ್ಮ ಓದುಗರಿಗೆ ಈ ದಿನಗಳ ಲೆಕ್ಕವನ್ನು ‘ಮೂಲಕೋಶದ ಉಳಿವು’ ಎಂಬ ಪದದ ಪಕ್ಕದಲ್ಲೇ ಕೊಡಿ.